ನಮಾಕ್ವಾಲ್ಯಾಂಡಿನ ಕನ್ನಾ ಗಿಡ ಮತ್ತು ಅದನ್ನು ಬಲ್ಲವರು

(ಔಷಧೀಯ ಸಸ್ಯಗಳ ಬಗ್ಗೆ ಆಸಕ್ತಿ ಇರುವವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಲಿರುವ ಗಿಡವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ನೋಡಿದರೂ ನಿಂತು ನೋಡುವಂಥ ಗಿಡವೇನಲ್ಲ. ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಪೊದೆಗಳ ನೆರಳಲ್ಲಿ, ಕಲ್ಲುಗಳ ಸಂದಿಯಲ್ಲಿ ಬೆಳೆಯುತ್ತದೆ. ಎಲೆ ದಪ್ಪ, ರಸಭರಿತ. ಎಲೆಯ ಮೇಲೆ ನೀರು ತುಂಬಿದ ಸಣ್ಣ ಸಣ್ಣ ಕೋಶಗಳಿರುತ್ತವೆ. ಬಿಸಿಲು ಬಿದ್ದರೆ ಅವು ಮಿನುಗುತ್ತವೆ. ಹೂವು ಬಿಳಿ, ತಿಳಿಹಳದಿ, ಕೆಲವು ಕಡೆ ನಸುಗುಲಾಬಿ. ಎಲೆ ಒಣಗಿದಾಗ ನಡುವಿನ ತಿರುಳೆಲ್ಲ ಹೋಗಿ ನರಗಳಷ್ಟೇ ಅಸ್ಥಿಪಂಜರದ ಹಾಗೆ ಉಳಿಯುತ್ತವೆ. ಆ ಒಣ ಬಲೆಯೊಳಗೆ ಎಳೆಯ ಎಲೆ ಬೆಚ್ಚಗೆ ಕೂತು ಬೇಸಿಗೆ ಕಳೆಯುತ್ತದೆ. ಸಸ್ಯಶಾಸ್ತ್ರಜ್ಞರು ಇದಕ್ಕೆ ಸ್ಕೆಲೆಟಿಯಮ್ ಟಾರ್ಟುಯೋಸಮ್ ಎಂದು ಹೆಸರಿಟ್ಟಿದ್ದು ಇದೇ ಕಾರಣಕ್ಕೆ. ಅಲ್ಲಿನ ಜನ ಕನ್ನಾ ಅನ್ನುತ್ತಾರೆ. ಆಫ್ರಿಕಾನ್ಸ್ ಮಾತಾಡುವವರು ಕೌಗೂಡ್ ಅನ್ನುತ್ತಾರೆ, ಅಂದರೆ ಜಗಿಯುವ ಪದಾರ್ಥ.

ಇದರ ಊರು ದಕ್ಷಿಣ ಆಫ್ರಿಕಾದ ಪಶ್ಚಿಮ ಭಾಗ. ಕೇಪ್ ಟೌನ್‌ನಿಂದ ಉತ್ತರಕ್ಕೆ ಸುಮಾರು 500 ಕಿಲೋಮೀಟರ್ ಹೋದರೆ ಕಾಮೀಸ್‌ಬರ್ಗ್ ಎಂಬ ಬೆಟ್ಟಸಾಲು ಸಿಗುತ್ತದೆ. ಅದರ ಸುತ್ತಲಿನ ಒಣ ಸೀಮೆಯೇ ನಮಾಕ್ವಾಲ್ಯಾಂಡ್. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬಹುಪಾಲು ಜಾಗದಲ್ಲಿ ವರ್ಷಕ್ಕೆ 100ರಿಂದ 250 ಮಿಲಿಮೀಟರ್ ಬಿದ್ದರೆ ಅದೇ ಜಾಸ್ತಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಣ್ಣು ಹಾಯುವವರೆಗೂ ಹೂವು. ಆಮೇಲೆ ಉರಿ ಬೇಸಿಗೆ. ದಕ್ಷಿಣದ ಕರೂ ಬಯಲುಗಳಲ್ಲೂ ಈ ಗಿಡ ಉಂಟು. ಅಲ್ಲಿ ಒಂದು ತಾಲೂಕಿನಂಥ ಆಡಳಿತ ಪ್ರದೇಶಕ್ಕೆ ಇವತ್ತಿಗೂ ಕನ್ನಾಲ್ಯಾಂಡ್ ಎಂದೇ ಹೆಸರು.

ಈ ಸೀಮೆಯ ಮೂಲ ಜನ ಇಬ್ಬರು. ಬೇಟೆಯಾಡಿ, ಗೆಡ್ಡೆ ಗೆಣಸು ಆಯ್ದು ಬದುಕಿದ ಸಾನ್ ಜನ ಒಬ್ಬರು. ಕುರಿ, ದನ ಸಾಕಿಕೊಂಡು ಹುಲ್ಲು ಇರುವ ಕಡೆಗೆ ಸಾಗುತ್ತಿದ್ದ ಖೋಯ್‌ಖೋಯ್ ಜನ ಇನ್ನೊಬ್ಬರು. ನಮಾ ಎಂಬುವರು ಖೋಯ್‌ಖೋಯ್ ಜನರಲ್ಲೇ ಒಂದು ಪಂಗಡ. ಕನ್ನಾ ಇವರೆಲ್ಲರ ಗಿಡ. ಬೇಟೆಗೆ ಹೋದವರು ಹಸಿವು, ಬಾಯಾರಿಕೆ, ಸುಸ್ತು ಕಾಡದಿರಲಿ ಎಂದು ಜಗಿಯುತ್ತಿದ್ದರು. ಹಲ್ಲುನೋವಿಗೆ, ಹೊಟ್ಟೆನೋವಿಗೆ ಬಳಸುತ್ತಿದ್ದರು. ರಚ್ಚೆ ಹಿಡಿದ ಹಸುಗೂಸಿಗೆ ಹಸಿ ಗಿಡದ ರಸ ಒಂದೆರಡು ಹನಿ ಕೊಡುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಮನಸ್ಸು ಭಾರವಾದಾಗ, ಎದೆಯಲ್ಲಿ ತಳಮಳ ಆದಾಗ ಸ್ವಲ್ಪ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಶ್ಯ ಮಾಡಿ ಸೇದುವುದೂ, ಹೊಗೆ ಎಳೆಯುವುದೂ, ಕಷಾಯ ಮಾಡಿ ಕುಡಿಯುವುದೂ ಇತ್ತು. ಕುಡಿತ ಬಿಡಿಸಲಿಕ್ಕೂ ಕೊಡುತ್ತಿದ್ದರು. ಕೇಪ್ ಟೌನ್ ಸುತ್ತಲಿನ ಕೇಪ್ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಪಾಲನ್ನು ವೈನ್ ಆಗಿ ಕೊಡುವ ಪದ್ಧತಿ ಬಹಳ ಕಾಲ ಇತ್ತು. ಆ ಪದ್ಧತಿ ತಲೆತಲಾಂತರಕ್ಕೆ ಕುಡಿತ ಅಂಟಿಸಿದ ಊರುಗಳಲ್ಲಿ, ಅದನ್ನು ಬಿಡಿಸಲು ಒಂದು ಗಿಡವಿತ್ತು ಎಂಬುದು ಸಣ್ಣ ಮಾತಲ್ಲ.

ಈಗ ಇದನ್ನು ತಯಾರಿಸುವ ಬಗೆಗೆ ಬರುತ್ತೇನೆ. ನನ್ನ ಪ್ರಕಾರ ಕನ್ನಾ ವಿಷಯದಲ್ಲಿ ಅತಿ ಮುಖ್ಯವಾದ ಸಂಗತಿ ಇದು.

ಗಿಡ ಕಿತ್ತು ಹಾಗೇ ತಿನ್ನುವುದಿಲ್ಲ. ಮೊದಲು ಕಾಲ ನೋಡಬೇಕು. ಮಳೆಗಾಲ ಮುಗಿದು ಗಿಡ ಚೆನ್ನಾಗಿ ಬಲಿತ ಮೇಲೆ, ಅಕ್ಟೋಬರ್ ಹೊತ್ತಿಗೆ ಕೀಳುತ್ತಾರೆ. ಇಡೀ ಗಿಡವನ್ನು ಎರಡು ಕಲ್ಲುಗಳ ನಡುವೆ ಇಟ್ಟು ಜಜ್ಜುತ್ತಾರೆ. ಜಜ್ಜಿದ್ದನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಾರೆ. ಹಿಂದೆ ಚರ್ಮದ ಚೀಲ, ಈಚೆಗೆ ಪ್ಲಾಸ್ಟಿಕ್ ಚೀಲ. ಆ ಚೀಲವನ್ನು ಬಿಸಿಲಿಗೆ ಇಡುತ್ತಾರೆ. ಒಳಗೆ ಗಿಡ ಬೆವರುತ್ತದೆ. ಎರಡು ಮೂರು ದಿನ ಬಿಟ್ಟು ಚೀಲ ಬಿಚ್ಚಿ, ಕೈಯಾಡಿಸಿ, ಮತ್ತೆ ಕಟ್ಟಿ ಇಡುತ್ತಾರೆ. ಒಟ್ಟು ಎಂಟು ದಿನದ ಹೊತ್ತಿಗೆ ಹದ ಬರುತ್ತದೆ. ಆಮೇಲೆ ಹೊರಗೆ ಹರವಿ ಬಿಸಿಲಲ್ಲಿ ಒಣಗಿಸುತ್ತಾರೆ. ನಮ್ಮ ಮಲೆನಾಡಿನಲ್ಲಿ ವೆನಿಲ್ಲಾ ಬೆಳೆದವರಿಗೆ ಇದು ಬೇಗ ಅರ್ಥವಾದೀತು. ವೆನಿಲ್ಲಾ ಕೋಡನ್ನು ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿಗೆ ಹಾಕಿ, ಮತ್ತೆ ಸುತ್ತಿ ಇಡದಿದ್ದರೆ ಅದಕ್ಕೆ ಆ ಪರಿಮಳ ಬರುವುದೇ ಇಲ್ಲ. ಕನ್ನಾ ಕೂಡ ಹಾಗೇ. ಚೀಲದಲ್ಲಿ ಬೆವರದ ಗಿಡಕ್ಕೆ ಬಲವಿಲ್ಲ ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ.

ಈ ವಿಧಾನವನ್ನು ಹೊರಗಿನವರು ವಿವರವಾಗಿ ಬರೆದುಕೊಂಡಿದ್ದು 1990ರ ದಶಕದಲ್ಲಿ. ಕಾಮೀಸ್‌ಬರ್ಗ್ ಬೆಟ್ಟದ ಪೌಲ್ಸ್‌ಹುಕ್, ನೌರಿವಿಯರ್ ಎಂಬ ಹಳ್ಳಿಗಳ ಹಿರಿಯರು ಹೇಳಿಕೊಟ್ಟರು. ನೈಜೆಲ್ ಗೆರಿಕೆ ಎಂಬ ದಕ್ಷಿಣ ಆಫ್ರಿಕಾದ ವೈದ್ಯರೂ ಅವರ ಜೊತೆಗಾರರೂ ಬರೆದುಕೊಂಡರು. 1996ರಲ್ಲಿ ಅದು ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಈ ಎರಡು ಹಳ್ಳಿಗಳ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಬರವಣಿಗೆಯಲ್ಲಿ ಕನ್ನಾ ಕಾಣಿಸಿಕೊಂಡಿದ್ದು ಮಾತ್ರ ಅದಕ್ಕಿಂತ ಎಷ್ಟೋ ಹಿಂದೆ. ಡಚ್ ಈಸ್ಟ್ ಇಂಡಿಯಾ ಕಂಪನಿ 1652ರಲ್ಲಿ ಕೇಪ್‌ನಲ್ಲಿ ಬೀಡುಬಿಟ್ಟಿತು. ಏಷ್ಯಾಕ್ಕೆ ಹೋಗುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸಲು ಒಂದು ತಂಗುದಾಣ ಬೇಕಿತ್ತು. ನಮ್ಮ ಕರಾವಳಿಯ ಬಸ್ರೂರಿನಿಂದ ಅಕ್ಕಿ ಕೊಳ್ಳುತ್ತಿದ್ದದ್ದೂ ಇದೇ ಕಂಪನಿ. 1685ರ ಆಗಸ್ಟ್‌ನಲ್ಲಿ ಕೇಪ್‌ನ ಅಧಿಕಾರಿ ಸೈಮನ್ ವಾನ್ ಡೆರ್ ಸ್ಟೆಲ್ ನಮಾಕ್ವಾಲ್ಯಾಂಡ್ ಕಡೆಗೆ ದಂಡು ಕಟ್ಟಿಕೊಂಡು ಹೊರಟರು. ಹುಡುಕಿದ್ದು ತಾಮ್ರದ ಬೆಟ್ಟವನ್ನು. ಜೊತೆಗೆ ಹೆಂಡ್ರಿಕ್ ಕ್ಲಾಡಿಯಸ್ ಎಂಬ ಚಿತ್ರಕಾರರಿದ್ದರು. ದಾರಿಯಲ್ಲಿ ಕಂಡ ಗಿಡ, ಹಾವು, ಹಲ್ಲಿಗಳನ್ನೆಲ್ಲ ಅವರು ಬಣ್ಣದಲ್ಲಿ ಬರೆದರು. ಅದರಲ್ಲಿ ಕನ್ನಾ ಗಿಡವೂ ಇದೆ.

ಆ ಪ್ರವಾಸದ ದಿನಚರಿಯಲ್ಲಿ ಕನ್ನಾ ಬಗ್ಗೆ ಇರುವುದು ಕೆಲವೇ ಸಾಲು. ಆದರೆ ಒಂದೊಂದೂ ತೂಕದ್ದು. ಈ ಗಿಡ ನಮಾ ಜನರ ಸೀಮೆಯಲ್ಲಿ, ಅದೂ ಕೆಲವೇ ಬೆಟ್ಟಗಳಲ್ಲಿ ಸಿಗುತ್ತದೆ ಎಂದಿದೆ. ಅಕ್ಟೋಬರಿನಲ್ಲಿ ಕೀಳುತ್ತಾರೆ ಎಂದಿದೆ. ಭಾರತದವರಿಗೆ ವೀಳ್ಯದೆಲೆ, ಅಡಿಕೆ ಎಷ್ಟು ಮುಖ್ಯವೋ ಇವರಿಗೆ ಇದು ಅಷ್ಟು ಮುಖ್ಯ ಎಂದಿದೆ. ಕಾಂಡ, ಬೇರು ಎರಡನ್ನೂ ಹೆಚ್ಚುಕಮ್ಮಿ ಇಡೀ ದಿನ ಜಗಿಯುತ್ತಾರೆ, ಮತ್ತೇರುತ್ತದೆ ಎಂದಿದೆ. ಇದನ್ನು ಬೆಳೆಸಿದರೆ ಲಾಭ ಬಂದೀತು ಎಂಬ ಮಾತೂ ಇದೆ. ಕಂಪನಿಯ ಕಣ್ಣು ಎಲ್ಲಿತ್ತು ಅಂತ ಗೊತ್ತಾಯಿತಲ್ವಾ?

ಎಲೆ ಅಡಿಕೆಯ ಹೋಲಿಕೆ ಸುಮ್ನೆ ಬಂದಿದ್ದಲ್ಲ. ವಾನ್ ಡೆರ್ ಸ್ಟೆಲ್ ಹುಟ್ಟಿದ್ದು ಮಾರಿಷಸ್‌ನಲ್ಲಿ. ಅವರ ತಾಯಿಯ ತಾಯಿ ಭಾರತದ ಕರಾವಳಿಯ ಮೂಲದವರು. ಕಂಪನಿಯ ಹಡಗುಗಳೂ ನಮ್ಮ ಬಂದರುಗಳಿಗೆ ಬಂದು ಹೋಗುತ್ತಿದ್ದವು. ಬಂದವರಿಗೆ ತಟ್ಟೆಯಲ್ಲಿ ಎಲೆ ಅಡಿಕೆ ಇಡುವುದು, ಊಟ ಆದ ಮೇಲೆ ಕವಳ ಹಾಕುವುದು, ಮಾತುಕತೆ ಮುಗಿಯಿತು ಎನ್ನಲು ತಾಂಬೂಲ ಬದಲಾಯಿಸುವುದು, ಇದೆಲ್ಲ ಅವರು ಕಂಡ ಲೋಕ. ಹಾಗಾಗಿ ನಮಾ ಜನರ ನಡುವೆ ಕನ್ನಾಕ್ಕೆ ಇದ್ದ ಜಾಗ ಅವರಿಗೆ ತಟ್ಟನೆ ಗೊತ್ತಾಯಿತು. ಅದು ಕಾಯಿಲೆ ಬಂದಾಗ ಮಾತ್ರ ತೆಗೆಯುವ ಮದ್ದಾಗಿರಲಿಲ್ಲ. ನಾಲ್ಕು ಜನ ಕೂತಾಗ ಹಂಚಿಕೊಳ್ಳುವ ವಸ್ತುವೂ ಆಗಿತ್ತು. ಈ ದಿನಚರಿಯ ಹಸ್ತಪ್ರತಿ ಹೇಗೋ ಐರ್ಲೆಂಡ್ ಸೇರಿ, ಈಗ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿದೆ. ಅಚ್ಚಾಗಿದ್ದು 1932ರಲ್ಲಿ.

ಆಮೇಲೆ ಬಂದ ಐರೋಪ್ಯರೂ ಕನ್ನಾ ಬಗ್ಗೆ ಬರೆದಿದ್ದಾರೆ. 1705ರಲ್ಲಿ ಕೇಪ್‌ಗೆ ಬಂದ ಜರ್ಮನ್ ಪೀಟರ್ ಕೋಲ್ಬ್ ಬರೆದರು. 1770ರ ದಶಕದಲ್ಲಿ ಅಲ್ಲಿ ಸುತ್ತಾಡಿದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಥುನ್‌ಬರ್ಗ್ ಬರೆದರು. ಈ ಬರಹಗಳನ್ನು ಓದುವಾಗ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಗಿಡದ ಬಗ್ಗೆ ಕುತೂಹಲ ಹೆಚ್ಚುತ್ತಾ ಹೋದಂತೆ, ಗಿಡ ಬಲ್ಲ ಜನ ಕಡಿಮೆಯಾಗುತ್ತಾ ಹೋದರು. 1713ರಲ್ಲಿ ಹಡಗಿನಲ್ಲಿ ಬಂದ ಸಿಡುಬು ಕೇಪ್ ಸುತ್ತಲಿನ ಖೋಯ್‌ಖೋಯ್ ಜನರನ್ನು ಗುಂಪುಗುಂಪಾಗಿ ಬಲಿ ತೆಗೆದುಕೊಂಡಿತು. ಹುಲ್ಲುಗಾವಲು ಬಿಳಿಯ ರೈತರ ಪಾಲಾಯಿತು. ಸಾನ್ ಜನರನ್ನು ಕುದುರೆ ಸವಾರರ ತಂಡಗಳು ಬೇಟೆಯಾಡಿ ಕೊಂದವು. ಮಕ್ಕಳನ್ನು ಹಿಡಿದು ಜೀತಕ್ಕೆ ಇಟ್ಟುಕೊಂಡರು. ಉಳಿದವರು ಮಿಷನರಿ ಠಾಣೆಗಳ ಸುತ್ತ, ಬೆಟ್ಟದ ಬರಡು ಜಾಗಗಳಲ್ಲಿ ಕುರಿ ಮೇಕೆ ಕಾಯುತ್ತಾ ಬದುಕಿದರು. 1816ರಲ್ಲಿ ಶುರುವಾದ ಲೀಲಿಫಾಂಟೇನ್ ಅಂಥ ಒಂದು ಠಾಣೆ. ಪೌಲ್ಸ್‌ಹುಕ್, ನೌರಿವಿಯರ್ ಹಳ್ಳಿಗಳಿರುವುದು ಅದರ ಸೀಮೆಯಲ್ಲೇ. ನಮಾ ಭಾಷೆ ಅಲ್ಲಿ ಹೆಚ್ಚುಕಮ್ಮಿ ಅಳಿದುಹೋಯಿತು. ಜನ ಆಫ್ರಿಕಾನ್ಸ್ ಮಾತಾಡುವಂತಾದರು. ಆದರೆ ಗಿಡವನ್ನು ಯಾವಾಗ ಕೀಳಬೇಕು, ಎಷ್ಟು ದಿನ ಬೆವರಿಸಬೇಕು, ಎಷ್ಟು ಜಗಿಯಬೇಕು ಎಂಬುದನ್ನು ಮರೆಯಲಿಲ್ಲ. 1685ರ ದಿನಚರಿಯಲ್ಲೂ ಅಕ್ಟೋಬರ್, 1990ರ ದಶಕದ ಹಿರಿಯರ ಬಾಯಲ್ಲೂ ಅಕ್ಟೋಬರ್. ಮುನ್ನೂರು ವರ್ಷ ಅಷ್ಟೆಲ್ಲ ಕಳೆದುಕೊಂಡ ಜನ ಈ ಒಂದನ್ನು ಕೈಬಿಡಲಿಲ್ಲ. ಇದಕ್ಕೆ ನನಗಂತೂ ತುಂಬಾ ಗೌರವ.

ಇನ್ನು ಗಿಡದ ಒಳಗೇನಿದೆ ನೋಡೋಣ. 1898ರಲ್ಲಿ ಮೇರಿಂಗ್ ಎಂಬವರು ಕನ್ನಾದಿಂದ ಮೊದಲ ಬಾರಿಗೆ ಆಲ್ಕಲಾಯ್ಡ್, ಅಂದರೆ ಸಣ್ಣ ಪ್ರಮಾಣದಲ್ಲೂ ಮೈಮನಸ್ಸಿನ ಮೇಲೆ ಪರಿಣಾಮ ಮಾಡುವಂಥ ಸಸ್ಯ ರಾಸಾಯನಿಕವನ್ನು ಬೇರ್ಪಡಿಸಿದರು. 1914ರಲ್ಲಿ ಜ್ಯೂರಿಕ್‌ನಲ್ಲಿ ಜ್ವಿಕಿ ಎಂಬವರು ಅದಕ್ಕೆ ಮೆಸೆಂಬ್ರಿನ್ ಎಂದು ಹೆಸರಿಟ್ಟರು. ಈಗ ಅದೇ ಕುಟುಂಬದ ಇನ್ನೂ ಹಲವು ಗೊತ್ತಾಗಿವೆ. ಮೆಸೆಂಬ್ರಿನೋನ್, ಮೆಸೆಂಬ್ರಿನಾಲ್, ಮೆಸೆಂಬ್ರನಾಲ್ ಇವು ಮುಖ್ಯ.

ಇವು ಮಾಡುವ ಕೆಲಸ ಏನು? ನಮ್ಮ ಮಿದುಳಿನ ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಸಿರೊಟೊನಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಎಳೆದುಕೊಳ್ಳುತ್ತವೆ. ಮೆಸೆಂಬ್ರಿನ್ ಈ ವಾಪಸಾತಿಯನ್ನು ತಡೆಯುತ್ತದೆ. ಹಾಗಾಗಿ ಸಿರೊಟೊನಿನ್ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಉಳಿಯುತ್ತದೆ. ಖಿನ್ನತೆಗೆ ವೈದ್ಯರು ಬರೆದುಕೊಡುವ ಫ್ಲೂಆಕ್ಸೆಟಿನ್, ಸರ್ಟ್ರಾಲಿನ್ ಮಾತ್ರೆಗಳು ಕೆಲಸ ಮಾಡುವುದೂ ಇದೇ ಜಾಗದಲ್ಲಿ. ಮೆಸೆಂಬ್ರಿನೋನ್ ಇದರ ಜೊತೆಗೆ ಫಾಸ್ಫೊಡೈಎಸ್ಟರೇಸ್-4 ಎಂಬ ಕಿಣ್ವವನ್ನೂ ತಡೆಯುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಎರಡು ಕೆಲಸಗಳನ್ನು ತೋರಿಸಿತು. ಒಂದೇ ಗಿಡದಲ್ಲಿ ಎರಡು ದಾರಿ. ಇದು ಅಪರೂಪ.

ಆದರೆ ಒಂದು ತೊಡಕಿದೆ. ಕನ್ನಾ ಗಿಡಗಳೆಲ್ಲ ಒಂದೇ ಥರ ಇಲ್ಲ. ಒಂದು ಬೆಟ್ಟದ ಗಿಡದಲ್ಲಿ ಮೆಸೆಂಬ್ರಿನ್ ಜಾಸ್ತಿ. ಇನ್ನೊಂದು ಕಡೆ ಮೆಸೆಂಬ್ರಿನೋನ್ ಜಾಸ್ತಿ. ಕೆಲವು ಕಡೆಯ ಗಿಡಗಳಲ್ಲಿ ಹೆಸರಿಗೆ ಬೇಕು ಅಂದರೂ ಆಲ್ಕಲಾಯ್ಡ್ ಸಿಗುವುದಿಲ್ಲ. ನೋಡಲು ಎಲ್ಲವೂ ಒಂದೇ. ವಾನ್ ಡೆರ್ ಸ್ಟೆಲ್ ದಿನಚರಿಯಲ್ಲಿ ಕೆಲವೇ ಬೆಟ್ಟಗಳಲ್ಲಿ ಸಿಗುತ್ತದೆ ಎಂದಿತ್ತಲ್ಲ, ಅದನ್ನು ಇದರ ಜೊತೆ ಇಟ್ಟು ನೋಡಿ. ಯಾವ ಬೆಟ್ಟದ ಗಿಡ ಒಳ್ಳೆಯದು ಎಂಬುದು ಅಲ್ಲಿನವರಿಗೆ ಗೊತ್ತಿದ್ದಿರಬೇಕು ಎಂದೇ ನನ್ನ ಎಣಿಕೆ.

ಚೀಲದಲ್ಲಿ ಬೆವರಿಸುವ ಕ್ರಮವನ್ನೂ ಪ್ರಯೋಗಾಲಯದಲ್ಲಿ ನೋಡಿದ್ದಾರೆ. ದಕ್ಷಿಣ ಆಫ್ರಿಕಾದ ರೋಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ವರದಿ ಮಾಡಿದ ಹಾಗೆ, ಬೆವರಿಸುವಾಗ ಮೆಸೆಂಬ್ರಿನ್ ಕಡಿಮೆಯಾಗುತ್ತಾ ಬರುತ್ತದೆ. ಅದರ ಜಾಗದಲ್ಲಿ ಅದರ ಹತ್ತಿರದ ಸಂಬಂಧಿಯಾದ ಡೆಲ್ಟಾ-7 ಮೆಸೆಂಬ್ರಿನೋನ್ ಹೆಚ್ಚುತ್ತದೆ. ಅಂದರೆ ಚೀಲದೊಳಗೆ ನಿಜಕ್ಕೂ ರಾಸಾಯನಿಕ ಬದಲಾವಣೆ ಆಗುತ್ತಿದೆ. ಇನ್ನೊಂದು ವಿಷಯ. ಹಸಿ ಗಿಡದಲ್ಲಿ ಆಕ್ಸಲೇಟ್ ಲವಣ ಬಹಳ. ಕೆಸುವಿನ ಸೊಪ್ಪು ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವುದಕ್ಕೂ ಆಕ್ಸಲೇಟಿನ ಹರಳುಗಳೇ ಕಾರಣ. ಜಜ್ಜಿ ಹುದುಗಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ ಎಂಬುದು ಸಂಶೋಧಕರ ಅಂದಾಜು.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಒಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು 2013ರಲ್ಲಿ ಪ್ರಕಟವಾಯಿತು. ಭಾಗವಹಿಸಿದ್ದು 16 ಮಂದಿ ಆರೋಗ್ಯವಂತರು. ಒಂದು ಸಲ ಅವರಿಗೆ ಕನ್ನಾದ ಸಾರ 25 ಮಿಲಿಗ್ರಾಂ ಕೊಟ್ಟರು. ಇನ್ನೊಂದು ಸಲ ಔಷಧಿ ಇಲ್ಲದ ಬರೀ ಕ್ಯಾಪ್ಸೂಲ್. ಯಾವುದು ಯಾವಾಗ ಎಂಬುದು ಕೊಡುವವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಆಮೇಲೆ ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಪರದೆಯ ಮೇಲೆ ಅಕ್ಷರಗಳು ಬರುತ್ತವೆ, ಅವುಗಳಲ್ಲಿ ಒಂದನ್ನು ಹುಡುಕಬೇಕು. ಅಕ್ಷರಗಳ ಹಿಂದೆ ಮುಖಗಳಿರುತ್ತವೆ. ಕೆಲವು ಸುಮ್ನೆ ಇರುವ ಮುಖಗಳು, ಕೆಲವು ಹೆದರಿದ ಮುಖಗಳು. ಮುಖ ನೋಡಿ ಅಂತ ಯಾರೂ ಹೇಳಿಲ್ಲ. ಆದರೂ ಹೆದರಿದ ಮುಖ ಕಣ್ಣಿಗೆ ಬಿದ್ದ ಕೂಡಲೇ ಮಿದುಳಿನ ಅಮಿಗ್ಡಲಾ ಎಂಬ ಸಣ್ಣ ಭಾಗ ಎಚ್ಚೆತ್ತುಕೊಳ್ಳುತ್ತದೆ. ಅಪಾಯದ ಸುಳಿವನ್ನು ಮೊದಲು ಹಿಡಿಯುವ ಜಾಗ ಅದು. ಕನ್ನಾ ತೆಗೆದುಕೊಂಡಾಗ, ಅಕ್ಷರ ಹುಡುಕುವ ಕೆಲಸ ಸುಲಭವಾಗಿದ್ದ ಸುತ್ತಿನಲ್ಲಿ, ಅಮಿಗ್ಡಲಾದ ಈ ಪ್ರತಿಕ್ರಿಯೆ ತಗ್ಗಿತು. ಅದಕ್ಕೂ ಹೈಪೊಥಾಲಮಸ್‌ಗೂ ನಡುವಿನ ಜೋಡಣೆಯೂ ಸಡಿಲವಾಯಿತು. ಹೆದರಿಕೆಯಾದಾಗ ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು ಇದಕ್ಕೆಲ್ಲ ಅಪ್ಪಣೆ ಹೋಗುವುದು ಈ ಹೈಪೊಥಾಲಮಸ್ ಮೂಲಕ.

25 ಮಿಲಿಗ್ರಾಂ ಸಾರ ಅಂದೆನಲ್ಲ, ಅದು ಸುಮಾರು 50 ಮಿಲಿಗ್ರಾಂ ಒಣ ಗಿಡಕ್ಕೆ ಸಮ. ಆ ಸಾರದಲ್ಲಿ ಒಟ್ಟು ಆಲ್ಕಲಾಯ್ಡ್ ಇರುವುದು ಶೇಕಡಾ 0.4ರ ಆಸುಪಾಸು. ಅಂದರೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ. ಅಷ್ಟರಿಂದಲೇ ಮಿದುಳಿನ ಚಿತ್ರದಲ್ಲಿ ವ್ಯತ್ಯಾಸ ಕಂಡಿತು.

ಬೇರೆ ಪರೀಕ್ಷೆಗಳನ್ನು ಬೇಗ ಹೇಳಿಬಿಡುತ್ತೇನೆ. 37 ಆರೋಗ್ಯವಂತರಿಗೆ ಮೂರು ತಿಂಗಳು ಕೊಟ್ಟು ನೋಡಿದಾಗ ದೊಡ್ಡ ಅಡ್ಡಪರಿಣಾಮ ಕಾಣಲಿಲ್ಲ. ಕೆನಡಾದಲ್ಲಿ 21 ಮಂದಿ ಮೇಲೆ ನಡೆದ ಪರೀಕ್ಷೆಯಲ್ಲಿ ಯೋಚನೆಯ ಚುರುಕು ಕೊಂಚ ಹೆಚ್ಚಿತು. 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಸಭೆಯ ಮುಂದೆ ಭಾಷಣ ಮಾಡಬೇಕು ಎಂದು ಹೇಳಿ ಜನರಿಗೆ ಬೇಕೆಂದೇ ಆತಂಕ ಹುಟ್ಟಿಸಿದರು. ಕನ್ನಾ ತೆಗೆದುಕೊಂಡವರಲ್ಲಿ ಆತಂಕ ಕಡಿಮೆ ಇತ್ತು.

ಇಷ್ಟು ಕೇಳಿದ ಮೇಲೆ ಕನ್ನಾ ಖಿನ್ನತೆಗೆ ಮದ್ದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಈ ಪರೀಕ್ಷೆಗಳಲ್ಲಿ ಇದ್ದವರು ಬೆರಳೆಣಿಕೆಯಷ್ಟು ಜನ, ಅದೂ ಆರೋಗ್ಯವಂತರು. ಕಾಯಿಲೆ ಇದೆ ಎಂದು ಗೊತ್ತಾದ ನೂರಾರು ಜನರಿಗೆ ತಿಂಗಳುಗಟ್ಟಲೆ ಕೊಟ್ಟು, ಈಗಿರುವ ಮಾತ್ರೆಗಳ ಜೊತೆ ತೂಗಿ ನೋಡಬೇಕು. ಆಗ ಮಾತ್ರ ಆ ಮಾತು ಹೇಳಬಹುದು. ಪರೀಕ್ಷೆಗಳಲ್ಲಿ ಹೆಚ್ಚಿನವು ನಡೆದಿದ್ದು ಒಂದೇ ಕಂಪನಿಯ ಸಾರದ ಮೇಲೆ ಎಂಬುದೂ ಗಮನದಲ್ಲಿರಲಿ. ಗಿಡಕ್ಕೆ ಗುಣ ಇದೆ. ಅದನ್ನು ಪೂರ್ತಿ ಅಳೆದು ಮುಗಿದಿಲ್ಲ.

ಈಗ ಹಕ್ಕಿನ ವಿಷಯ. ಇದಕ್ಕೆ ಮೊದಲು ಇನ್ನೊಂದು ಗಿಡದ ಕಥೆ ಹೇಳಬೇಕು. ಹೂಡಿಯಾ ಎಂಬುದು ಕಲಹಾರಿ ಸೀಮೆಯ ಗಿಡ. ಹಸಿವು ತಡೆಯಲು ಸಾನ್ ಬೇಟೆಗಾರರು ಅದನ್ನು ತಿನ್ನುತ್ತಿದ್ದರು. 1990ರ ದಶಕದ ನಡುವೆ ದಕ್ಷಿಣ ಆಫ್ರಿಕಾದ ಸರ್ಕಾರಿ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಅದರ ಅಂಶಕ್ಕೆ ಪೇಟೆಂಟ್ ಮಾಡಿಸಿತು. ಸಾನ್ ಜನರನ್ನು ಒಂದು ಮಾತು ಕೇಳಲಿಲ್ಲ. ಹಕ್ಕು ಬ್ರಿಟನ್ನಿನ ಫೈಟೋಫಾರ್ಮ್ ಕಂಪನಿಗೆ ಹೋಯಿತು. 2001ರಲ್ಲಿ ಪತ್ರಿಕೆಯವರು ಕೇಳಿದಾಗ, ಈ ಗಿಡವನ್ನು ಕಂಡುಕೊಂಡ ಜನ ಈಗ ಇಲ್ಲ ಎಂದುಕೊಂಡಿದ್ದೆವು ಎಂಬ ಉತ್ತರ ಕಂಪನಿಯ ಕಡೆಯಿಂದ ಬಂತು. ದಕ್ಷಿಣ ಆಫ್ರಿಕಾ, ನಮೀಬಿಯಾ, ಬೋಟ್ಸ್ವಾನಾಗಳಲ್ಲಿ ಆಗ ಸಾನ್ ಜನ ಸಾವಿರಾರು ಸಂಖ್ಯೆಯಲ್ಲಿ ಬದುಕಿದ್ದರು. ತಮ್ಮದೇ ಸಂಘಟನೆ, ವಕೀಲರನ್ನು ಇಟ್ಟುಕೊಂಡಿದ್ದರು. ಹೋರಾಡಿ 2003ರಲ್ಲಿ ಒಪ್ಪಂದ ಮಾಡಿಸಿಕೊಂಡರು. ಸಿಎಸ್‌ಐಆರ್‌ಗೆ ಬರುವ ರಾಯಲ್ಟಿಯಲ್ಲಿ ಶೇಕಡಾ 6 ಅವರಿಗೆ ಎಂದು ಬರೆದಾಯಿತು. ಆದರೆ ಫೈಟೋಫಾರ್ಮ್‌ನಿಂದ ಹಕ್ಕು ಪಡೆದಿದ್ದ ಯುನಿಲಿವರ್ ಕಂಪನಿ 2008ರಲ್ಲಿ ಹೂಡಿಯಾ ಕೆಲಸ ಕೈಬಿಟ್ಟಿತು. ನಿರೀಕ್ಷೆ ಮಾಡಿದ ದುಡ್ಡು ಬರಲೇ ಇಲ್ಲ.

ಬದುಕಿರುವ ಜನರನ್ನು ಇಲ್ಲ ಅಂದುಕೊಂಡು ಅವರ ಅರಿವಿಗೆ ಪೇಟೆಂಟ್ ಮಾಡಿಸುವುದು ನನಗೆ ಸಿಟ್ಟು ತರಿಸುವ ವಿಷಯ. ಅರಿಶಿನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಆಗಿ, 1997ರಲ್ಲಿ ಅದು ರದ್ದಾದಾಗ ನಾವೆಲ್ಲ ಖುಷಿಪಟ್ಟೆವು. ಆಗ ನಮ್ಮ ಕಡೆ ನಿಲ್ಲಲು ಒಂದು ದೇಶವಿತ್ತು, ಹಳೆಯ ಗ್ರಂಥಗಳಿದ್ದವು. ಸಾನ್ ಜನರ ಹತ್ತಿರ ಗ್ರಂಥ ಇರಲಿಲ್ಲ. ಪೇಟೆಂಟ್ ಮಾಡಿಸಿದ್ದು ಅವರದೇ ದೇಶದ ಸಂಸ್ಥೆ.

ಕನ್ನಾ ವಿಷಯದಲ್ಲಿ ದಾರಿ ಸ್ವಲ್ಪ ಬೇರೆಯಾಯಿತು. ದಕ್ಷಿಣ ಆಫ್ರಿಕಾ 2004ರಲ್ಲಿ ಜೀವವೈವಿಧ್ಯ ಕಾಯ್ದೆ ತಂದಿತ್ತು. ಸ್ಥಳೀಯರ ಅರಿವು ಬಳಸಿ ವ್ಯಾಪಾರ ಮಾಡುವವರು ಅವರ ಜೊತೆ ಒಪ್ಪಂದ ಮಾಡಿಕೊಳ್ಳಲೇಬೇಕು ಎಂದು ಅದು ಹೇಳಿತು. ಗೆರಿಕೆ ಇದ್ದ ಎಚ್‌ಜಿಎಚ್ ಫಾರ್ಮಸ್ಯುಟಿಕಲ್ಸ್ ಕಂಪನಿ 2008ರಲ್ಲಿ ದಕ್ಷಿಣ ಆಫ್ರಿಕಾದ ಸಾನ್ ಮಂಡಳಿಯ ಜೊತೆ ಸಹಿ ಹಾಕಿತು. ಮಾರುಕಟ್ಟೆಗೆ ಜೆಂಬ್ರಿನ್ ಎಂಬ ಹೆಸರಲ್ಲಿ ಬಂದ ಸಾರ ಇವರದೇ. ಸ್ಥಳೀಯ ಗಿಡವನ್ನು ಸಂಶೋಧಿಸಿ ವ್ಯಾಪಾರಕ್ಕೆ ತರಲು ಆ ಕಾಯ್ದೆಯಡಿ ದೇಶದಲ್ಲಿ ಮೊದಲ ಪರ್ಮಿಟ್ ಸಿಕ್ಕಿದ್ದೂ ಕನ್ನಾಕ್ಕೇ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಾನ್ ಮಂಡಳಿ ತೆಗೆದುಕೊಂಡ ಒಂದು ತೀರ್ಮಾನ. ತಯಾರಿಯ ಕ್ರಮ ಹೇಳಿಕೊಟ್ಟಿದ್ದು ಪೌಲ್ಸ್‌ಹುಕ್, ನೌರಿವಿಯರ್ ಹಳ್ಳಿಯವರು. ಅವರು ತಮ್ಮನ್ನು ನಮಾ ಎಂದು ಗುರುತಿಸಿಕೊಳ್ಳುವವರು. ಹಾಗಾಗಿ ಬಂದ ಹಣದಲ್ಲಿ ಅರ್ಧ ಆ ಎರಡು ಹಳ್ಳಿಗಳಿಗೆ ಎಂದು ಮಂಡಳಿ ಒಪ್ಪಿತು. ತಮ್ಮ ಪಾಲಿಗೇ ಅಷ್ಟು ವರ್ಷ ಕಾದ ಜನ, ಇನ್ನೊಬ್ಬರ ಪಾಲನ್ನು ಮರೆಯಲಿಲ್ಲ.

ಹಾಗಂತ ಎಲ್ಲವೂ ಸರಿಹೋಗಿದೆ ಎಂದಲ್ಲ. ಕನ್ನಾ ಹೆಸರಲ್ಲಿ ಇವತ್ತು ಆನ್‌ಲೈನ್‌ನಲ್ಲಿ ಪುಡಿ, ಕ್ಯಾಪ್ಸೂಲ್, ಜಗಿಯುವ ಗಮ್ ಎಲ್ಲ ಮಾರಾಟಕ್ಕಿವೆ. ಒಪ್ಪಂದಕ್ಕೆ ಸಹಿ ಹಾಕದ ಮಾರಾಟಗಾರರಿಂದ ಆ ಹಳ್ಳಿಗಳಿಗೆ ಒಂದು ಬಿಡಿಗಾಸೂ ಹೋಗುವುದಿಲ್ಲ. 2019ರಲ್ಲಿ, ಅಲ್ಲಿನದೇ ಇನ್ನೊಂದು ಗಿಡವಾದ ರೂಯಿಬೋಸ್‌ನ ಚಹಾ ಉದ್ಯಮ ಸಾನ್ ಮತ್ತು ಖೋಯ್ ಜನರಿಗೆ ಪಾಲು ಕೊಡಲು ಒಪ್ಪಿತು. ಅಲ್ಲಿ ಇಡೀ ಉದ್ಯಮವೇ ಒಪ್ಪಂದಕ್ಕೆ ಬಂತು. ಕನ್ನಾ ವ್ಯಾಪಾರಕ್ಕೂ ಅಂಥದ್ದೇ ಆಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಇನ್ನು ನಿಮ್ಮ ಪ್ರಶ್ನೆಗಳಿಗೆ ಬರೋಣ.

ಮೊದಲು ಒಬ್ಬ ಹಿರಿಯರು ಕೇಳಿದರು: ಎಲೆ ಅಡಿಕೆಯ ಹಾಗೆ ಇದೂ ಚಟವಾಗುತ್ತದಾ?

ಒಳ್ಳೆಯ ಪ್ರಶ್ನೆ ಸಾರ್. ಕನ್ನಾ ಬಿಟ್ಟಾಗ ಮೈ ನಡುಗುವುದು, ಒದ್ದಾಡುವುದು ಇಂಥ ಲಕ್ಷಣಗಳನ್ನು 1990ರ ದಶಕದ ಅಧ್ಯಯನದವರು ಆ ಹಳ್ಳಿಗಳಲ್ಲಿ ಕಾಣಲಿಲ್ಲ. ಆದರೆ ಹಳೆಯ ಬರಹಗಳಲ್ಲಿ ಅತಿಯಾದರೆ ಮತ್ತೇರುತ್ತದೆ ಎಂದಿದೆ. ಜಾಸ್ತಿ ತೆಗೆದುಕೊಂಡರೆ ತಲೆನೋವು, ವಾಕರಿಕೆ ಆಗುವುದೂ ಉಂಟು. ಅಲ್ಲಿನವರು ಬಳಸುವ ಪ್ರಮಾಣ ಬೇರೆ, ಯಂತ್ರದಲ್ಲಿ ಗಟ್ಟಿ ಮಾಡಿ ಮಾರುವ ಸಾರದ ಬಲ ಬೇರೆ. ಒಂದರ ಅನುಭವ ಇನ್ನೊಂದಕ್ಕೆ ಹೊಂದುವುದಿಲ್ಲ.

ಒಬ್ಬ ಯುವಕ ಕೇಳಿದರು: ನಮ್ಮಮ್ಮ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಇಂಗ್ಲಿಷ್ ಮಾತ್ರೆ ಸಾಕಾಗಿದೆ ಅನ್ನುತ್ತಾರೆ, ಅದರ ಬದಲು ಅಥವಾ ಜೊತೆಗೆ ಇದನ್ನು ಕೊಡಬಹುದಾ?

ದಯವಿಟ್ಟು ಬೇಡ. ಮಾತ್ರೆಯೂ ಸಿರೊಟೊನಿನ್ ಹೆಚ್ಚಿಸುತ್ತದೆ, ಕನ್ನಾವೂ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ಸಿರೊಟೊನಿನ್ ಅಳತೆ ಮೀರಬಹುದು. ಆಗ ಜ್ವರ, ನಡುಕ, ಎದೆಬಡಿತ, ಗೊಂದಲ ಎಲ್ಲ ಬರುತ್ತದೆ. ಕೆಲವೊಮ್ಮೆ ಜೀವಕ್ಕೇ ಅಪಾಯ. ಇನ್ನು ಮಾತ್ರೆ ಬಿಟ್ಟು ಇದನ್ನು ಕೊಡುವುದು. ಆ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಬಾರದು. ನಿಲ್ಲಿಸುವುದಿದ್ದರೆ ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಅಮ್ಮನಿಗೆ ಮಾತ್ರೆಯಿಂದ ಏನು ತೊಂದರೆ ಆಗುತ್ತಿದೆ ಎಂದು ಕೂತು ಕೇಳಿ. ನಿದ್ದೆ ಜಾಸ್ತಿಯಾ, ಹೊಟ್ಟೆ ಕೆಡುತ್ತಾ, ಬಾಯಿ ಒಣಗುತ್ತಾ? ಅದನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಮಾತ್ರೆ ಬದಲಿಸಲು ಬೇಕಾದಷ್ಟು ದಾರಿಗಳಿವೆ. ವೈದ್ಯರು ತಕ್ಷಣ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ. ಕನ್ನಡದಲ್ಲೇ ಮಾತಾಡಬಹುದು. ಗರ್ಭಿಣಿಯರಿಗೆ, ಹಾಲೂಡಿಸುವವರಿಗೂ ಕನ್ನಾ ಬೇಡ. ಅವರಲ್ಲಿ ಸರಿಯಾದ ಪರೀಕ್ಷೆಯೇ ಆಗಿಲ್ಲ.

ಕೊನೆಗೆ ಒಬ್ಬ ಅಮ್ಮ, ತಾರಸಿಯಲ್ಲಿ ಕೈತೋಟ ಮಾಡುವವರು, ಇದನ್ನು ನಮ್ಮ ಕಡೆ ಕುಂಡದಲ್ಲಿ ಬೆಳೆಸಬಹುದಾ ಎಂದು ಕೇಳಿದರು.

ಬೆಳೆಸಬಹುದು ಅಮ್ಮ. ಮರಳು ಜಾಸ್ತಿ ಇರುವ, ನೀರು ನಿಲ್ಲದ ಮಣ್ಣು ಬೇಕು. ಇದು ಚಳಿಗಾಲದ ಮಳೆಗೆ ಒಗ್ಗಿದ ಗಿಡ. ನಮ್ಮ ಮುಂಗಾರಿನ ಮಳೆಗೆ ಹೊರಗಿಟ್ಟರೆ ಬೇರು ಕೊಳೆಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಸೂರಿನಡಿ ಇಡಿ. ಆದರೆ ಜಗಿದು ನೋಡಲು ಹೋಗಬೇಡಿ. ನಿಮ್ಮ ಕುಂಡದ ಗಿಡದಲ್ಲಿ ಆಲ್ಕಲಾಯ್ಡ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಬೀಜವನ್ನು ನರ್ಸರಿಯಲ್ಲಿ ಬೆಳೆದ ಗಿಡದ್ದೇ ಎಂದು ಖಚಿತ ಮಾಡಿಕೊಂಡು ಕೊಳ್ಳಿ. 2019ರಿಂದೀಚೆಗೆ ಆ ಸೀಮೆಯಿಂದ ಕಾನೊಫೈಟಮ್‌ನಂಥ ರಸಭರಿತ ಗಿಡಗಳನ್ನು ಲಕ್ಷಗಟ್ಟಲೆ ಕಿತ್ತು ಹೊರದೇಶಗಳ ಸಂಗ್ರಾಹಕರಿಗೆ ಕಳ್ಳಸಾಗಣೆ ಮಾಡಿದ್ದಾರೆ. ಔಷಧಿಗೆಂದು ಕಿತ್ತೂ ಕಿತ್ತೂ ಕಾಡಿನ ಕನ್ನಾ ಕೂಡ ಎಷ್ಟೋ ಕಡೆ ಅಪರೂಪವಾಗಿದೆ. ಯಾರಾದರೂ ಬೇರು ಸಮೇತ ಕಿತ್ತ ದೊಡ್ಡ ಗಿಡ ಕಳಿಸುತ್ತೇನೆ ಅಂದರೆ ಕೊಳ್ಳಬೇಡಿ.